ಕೋಲಿನ ತುದಿ ಹಿಡಿದವರು

ಕೃಷ್ಣಪ್ರಸಾದನ ಬ್ಯಾಕ್‌ಸ್ವಿಂಗ್ ಉದ್ದವಾಗಲು ಶುರುವಾದದ್ದು ಮೇ ತಿಂಗಳ ಕೊನೆಯ ಶನಿವಾರ, ಬೆಳಗಿನ ಆರೂ ಐವತ್ತಕ್ಕೆ, ನೈರೋಬಿಯ ಕಾಡಂಚಿನ ಒಂದು ಗಾಲ್ಫ್ ಮೈದಾನದಲ್ಲಿ. ಆಗ ಅವನಿಗೆ ಐವತ್ತಾರು ವರ್ಷ. ಆ ವಯಸ್ಸಿಗೆ ಗಂಡಸಿನ ಕಿವಿ ಉದ್ದವಾಗುತ್ತದೆ, ಮೂಗು ಉದ್ದವಾಗುತ್ತದೆ, ಒಂದು ಕತೆ ಹೇಳಿ ಮುಗಿಸಲು ಹಿಡಿಯುವ ಹೊತ್ತು ಉದ್ದವಾಗುತ್ತದೆ. ಬ್ಯಾಕ್‌ಸ್ವಿಂಗ್ ಮಾತ್ರ ಗಿಡ್ಡವಾಗಬೇಕು. ಸೊಂಟ ತಿರುಗುವುದಿಲ್ಲ, ಭುಜ ಏಳುವುದಿಲ್ಲ. ಆದರೆ ಅವನದು ವಾರಕ್ಕೆ ಅರ್ಧ ಗೇಣಿನಂತೆ ಬೆಳೆಯಿತು.

ಗಾಲ್ಫ್ ಗೊತ್ತಿಲ್ಲದವರು ಗಾಬರಿಯಾಗಬೇಕಿಲ್ಲ. ಚೆಂಡಿಗೆ ಹೊಡೆಯುವ ಮುಂಚೆ ಕೋಲನ್ನು ಹಿಂದಕ್ಕೆ ಎತ್ತುತ್ತಾರಲ್ಲ, ಅದಕ್ಕೆ ಬ್ಯಾಕ್‌ಸ್ವಿಂಗ್ ಎನ್ನುತ್ತಾರೆ. ಎತ್ತಿದ ಕೋಲು ತಲೆಯ ಮೇಲೆ ನೆಲಕ್ಕೆ ಸಮನಾಗಿ ಮಲಗಿದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನೂ ಹಿಂದೆ ಹೋಯಿತೋ, ಎಡ ಮೊಣಕೈ ಮಡಚುತ್ತದೆ, ಬಲಗಾಲು ಸೆಟೆಯುತ್ತದೆ, ಇಳಿಯುವಾಗ ಕೋಲು ದಾರಿ ತಪ್ಪುತ್ತದೆ. ಒಂದು ಸಲ ಚೆಂಡಿನ ನೆತ್ತಿಗೆ ಬೀಳುತ್ತದೆ, ಇನ್ನೊಂದು ಸಲ ಚೆಂಡಿಗಿಂತ ಗೇಣು ಹಿಂದಿನ ಮಣ್ಣಿಗೆ. ಇಂಗ್ಲಿಷಿನವರು ಹೊಡೆಯುವ ಕೋಲಿಗೂ ಕ್ಲಬ್ ಎಂದರು, ಆಡುವ ಜಾಗಕ್ಕೂ ಕ್ಲಬ್ ಎಂದರು. ನಮಗೆ ಆ ಗೊಂದಲ ಬೇಡ, ಇಲ್ಲಿ ಕೋಲು ಎಂದರೆ ಕೋಲು.

ಅಪ್ಪರ್ ಹಿಲ್‌ನ ಒಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಕೂತು, ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕುತ್ತಾರೆ ಎಂದು ವಿಮಾ ಕಂಪನಿಗೆ ಅಂದಾಜು ಮಾಡಿಕೊಡುವುದು ಕೃಷ್ಣಪ್ರಸಾದನ ಕೆಲಸ. ಹಾಗಾಗಿ ಆಫೀಸಿನಲ್ಲಿ ಅವನ ಮೇಜಿನ ಬಳಿ ನಿಂತು ಯಾರೂ ಹರಟೆ ಹೊಡೆಯುತ್ತಿರಲಿಲ್ಲ. ಮೈಸೂರು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಕೆಲಸವಿಲ್ಲದ ಮಾತನ್ನು ಆಡಲು ಅವನಿಗೆ ಇಡೀ ನೈರೋಬಿಯಲ್ಲಿ ಇದ್ದವರು ಇಬ್ಬರು, ಸಿಗುತ್ತಿದ್ದುದು ಶನಿವಾರ. ಒಬ್ಬರು ವಿಶ್ವನಾಥ್ ಮೇಷ್ಟ್ರು, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ಅವನ ಕೈಗೆ ಗಾಲ್ಫ್ ಕೋಲು ಹಿಡಿಸಿದವರು. ಇನ್ನೊಬ್ಬ ಹೆರಾಲ್ಡ್, ಮಂಗಳೂರಿನವನು, ಔಷಧಿ ತರಿಸಿ ಮಾರುವ ವ್ಯಾಪಾರ. ಮೇಷ್ಟ್ರು ಮೇ ತಿಂಗಳಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಎಪ್ಪತ್ತನಾಲ್ಕು. ಕೃಷ್ಣಪ್ರಸಾದನ ಕೋಷ್ಟಕದ ಪ್ರಕಾರ ಅವರಿಗೆ ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು.

ಉಳಿದವನು ಹೆರಾಲ್ಡ್ ಒಬ್ಬನೇ. ಅವನು ಈಗ ಬಿಟ್ಟು ಹೋಗುವ ಸೂಚನೆ ಕೊಡುತ್ತಿದ್ದ.

"ಎಂತ ಮಾರಾಯ ಇದು," ಎಂದ ಜೂನ್ ಮಧ್ಯದ ಒಂದು ಶನಿವಾರ, ಕೃಷ್ಣಪ್ರಸಾದ ಎಬ್ಬಿಸಿದ ಮಣ್ಣಿನ ಹೆಂಟೆಯನ್ನು ಕಾಲಲ್ಲಿ ಒತ್ತಿ ಸರಿಮಾಡುತ್ತ. "ನೀನು ಚೆಂಡು ಹೊಡಿಯುದಾ, ಬಾವಿಯಿಂದ ನೀರು ಸೇದುದಾ?"

"ಸರಿಹೋಗುತ್ತೆ ಬಿಡೋ."

"ಯಾವಾಗ? ಜುಲೈ ಕೊನೆಗೆ ಜೋಡಿಗಳ ಕಪ್. ಜೋಡಿ ಆಟದಲ್ಲಿ ಇಬ್ಬರಿಗೂ ಒಂದೇ ಚೆಂಡು, ಗೊತ್ತುಂಟಲ್ಲ. ಒಂದು ಸಲ ನೀನು, ಒಂದು ಸಲ ನಾನು. ನೀನು ಕಾಡಿಗೆ ಹಾಕಿದ್ದನ್ನು ನಾನು ಹೋಗಿ ತೆಗಿಬೇಕು. ನನಗೆ ಶುಗರ್ ಉಂಟು, ಕಾಡಿನೊಳಗೆ ಹೋಗ್ಲಿಕ್ಕೆ ಆಗುದಿಲ್ಲ."

"ಶುಗರ್‌ಗೂ ಕಾಡಿಗೂ ಏನೋ ಸಂಬಂಧ?"

"ಅದು ಬಿಡು. ಗ್ಯಾವಿನ್ ಮೊಂಬಾಸದಿಂದ ಇಲ್ಲಿಗೇ ಟ್ರಾನ್ಸ್‌ಫರ್ ಆಗಿ ಬಂದಿದ್ದಾನೆ. ನನ್ನ ತಂಗಿಯ ಅಳಿಯ. ಚೆಂಡು ನೇರ ಹೊಡೀತಾನೆ. ನಾನು ಹೇಳಿದ್ದು ಅಷ್ಟೇ."

ಅವನು ಹೇಳಿದ್ದು ಅಷ್ಟೇ ಆದರೂ ಕೃಷ್ಣಪ್ರಸಾದನಿಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ಹನ್ನೊಂದು ವರ್ಷದಿಂದ ಆ ಕಪ್ಪಿಗೆ ಅವರದೇ ಜೋಡಿ. ಒಂದು ಸಲವೂ ಗೆದ್ದಿರಲಿಲ್ಲ, ಅದು ಬೇರೆ. ಜೋಡಿ ಒಡೆದರೆ ಶನಿವಾರ ಒಡೆದಂತೆ. ಗ್ಯಾವಿನ್ ಜೋಡಿಯಾದರೆ ಹೆರಾಲ್ಡ್ ಮನೆಯಲ್ಲಿ ಕೊಂಕಣಿ ಆಡುವಂತೆ ಮೈದಾನದಲ್ಲೂ ಕೊಂಕಣಿಯೇ ಆಡುತ್ತಾನೆ. ಆಮೇಲೆ ಕೃಷ್ಣಪ್ರಸಾದನಿಗೆ ಶನಿವಾರವೂ ಮಾತಿಲ್ಲದ ಹನ್ನೊಂದನೇ ಮಹಡಿಯೇ.

ವಿಚಿತ್ರವೆಂದರೆ ಬುಧವಾರ ಅವನ ಕೈ ಸರಿಯಿರುತ್ತಿತ್ತು. ಆಫೀಸು ಮುಗಿಸಿ ಅಭ್ಯಾಸದ ಮೈದಾನಕ್ಕೆ ಹೋಗಿ ನೂರು ಚೆಂಡು ಹೊಡೆದರೆ ತೊಂಬತ್ತು ನೇರ. ಶನಿವಾರ ಬಂತೆಂದರೆ ಬಾವಿಯ ನೀರು ಸೇದುವುದೇ. ಐದು ಬುಧವಾರ, ಐದು ಶನಿವಾರ. ಸಂಖ್ಯೆಗಳು ಹೀಗೆ ಹಟ ಮಾಡಿದರೆ ಹಿಂದೆ ಏನಾದರೂ ಇದ್ದೇ ಇರುತ್ತದೆ ಎಂದು ನಂಬುವುದಕ್ಕೇ ಅವನಿಗೆ ಸಂಬಳ ಕೊಡುತ್ತಿದ್ದುದು. ಎರಡೂ ದಿನ ಫೋನಿನಲ್ಲಿ ವಿಡಿಯೋ ತೆಗೆಸಿ ಮಗಳು ನೇಹಾಳ ಮುಂದೆ ಇಟ್ಟ. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳು ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟು ಓಡಿಸಿದಳು.

ಬುಧವಾರದ ಕೋಲು ತಲೆಯ ಮೇಲೆ ಬಂದು ನಿಂತು ಇಳಿಯಿತು. ಶನಿವಾರದ ಕೋಲು ನಿಲ್ಲಬೇಕಾದಲ್ಲಿ ಒಂದು ಕ್ಷಣ ತಡೆದು, ಆಮೇಲೆ ಮನಸ್ಸಿಲ್ಲದ ಕರುವನ್ನು ಎಳೆದುಕೊಂಡು ಹೋದ ಹಾಗೆ ಹಿಂದೆ ಹಿಂದೆ ಹೋಗಿ, ತುದಿ ನೆಲದ ಕಡೆಗೆ ತಿರುಗಿ, ಅಲ್ಲೇ ಮೂರು ಸೆಕೆಂಡು ನಿಂತಿತು. ಕೃಷ್ಣಪ್ರಸಾದನಿಗೆ ಆ ಮೂರು ಸೆಕೆಂಡಿನ ನೆನಪೇ ಇರಲಿಲ್ಲ.

"ಅಪ್ಪಾ, ಲುಕ್ ಅಟ್ ದ ಶಾಫ್ಟ್," ಎಂದಳು ನೇಹಾ. ಕೋಲಿನ ದಂಡ ಬಾಗಿತ್ತು. ಮೀನು ಕಚ್ಚಿದಾಗ ಗಾಳದ ಕಡ್ಡಿ ಬಾಗುತ್ತದಲ್ಲ, ಹಾಗೆ. "ಸಮ್‌ಒನ್ ಈಸ್ ಪುಲ್ಲಿಂಗ್ ಇಟ್."

"ಯಾರೂ ಇಲ್ವಲ್ಲಮ್ಮಾ ಅಲ್ಲಿ."

"ಐ ನೋ. ದಟ್ಸ್ ವಾಟ್ ಐ ಡೋಂಟ್ ಲೈಕ್."

ಅವಳು ಲ್ಯಾಪ್‌ಟಾಪ್ ಮುಚ್ಚಿ ಅಮ್ಮನಿದ್ದ ಕೋಣೆಗೆ ಹೋಗಿ ಕೂತಳು. ಆಮೇಲೆ ಅವನ ಯಾವ ವಿಡಿಯೋವನ್ನೂ ನೋಡಲು ಒಪ್ಪಲಿಲ್ಲ.

ಕೊನೆಗೆ ಅವನು ಕೇಳಿದ್ದು ಜೋಸೆಫನನ್ನು. ಜೋಸೆಫ್ ಆ ಮೈದಾನದ ಕ್ಯಾಡಿ, ಆಟಗಾರರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆಯುವವನು. ಅರವತ್ತೆರಡು ವರ್ಷ, ಅದರಲ್ಲಿ ನಲವತ್ತು ಇದೇ ಹುಲ್ಲಿನ ಮೇಲೆ. ಮೇಷ್ಟ್ರ ಚೀಲವನ್ನೂ ಹೊತ್ತವನು. ಸ್ವಾಹಿಲಿಗೆ ಇಂಗ್ಲಿಷ್ ಬೆರೆಸಿ, ಒಂದೊಂದೇ ಮಾತಾಗಿ ಹೇಳುತ್ತಿದ್ದ.

"ನಿಮ್ಮ ಮೈಯನ್ನು ಗಡಿಯಾರ ಅಂದುಕೊಳ್ಳಿ ಬಾಸ್. ತಲೆ ಹನ್ನೆರಡು. ಎಡಗೈ ಒಂಬತ್ತಕ್ಕೆ ಬಂದರೆ ಸಾಕು, ಅಲ್ಲಿಂದಲೇ ಇಳಿಸಿ. ಹನ್ನೆರಡರ ಆಚೆ ನಿಮಗೆ ಏನೂ ಕೆಲಸವಿಲ್ಲ."

ಕೃಷ್ಣಪ್ರಸಾದನ ಎಡ ಕಂಕುಳಲ್ಲಿ ಒಂದು ಸಣ್ಣ ಟವೆಲ್ ಸಿಕ್ಕಿಸಿದ. ಸ್ವಿಂಗ್ ಮಾಡುವಾಗ ಅದು ಕೆಳಗೆ ಬಿತ್ತೆಂದರೆ ಕೈ ಮೈಯನ್ನು ಬಿಟ್ಟು ಓಡಿತು ಎಂದರ್ಥ. ಬಲ ಮೊಣಕಾಲು ಮಡಚಿಯೇ ಇರಬೇಕು. "ಪೋಲೆ ಪೋಲೆ," ಎಂದ, ನಿಧಾನ ನಿಧಾನ. ಕೃಷ್ಣಪ್ರಸಾದ ಹಾಗೇ ಮಾಡಿದ. ಟವೆಲ್ ಬೀಳಲಿಲ್ಲ. ಚೆಂಡು ಕೋಲಿನ ನಡುಮಧ್ಯಕ್ಕೆ ತಾಗಿ, ಬೆರಳುಗಳಲ್ಲಿ ಏನೂ ಅನ್ನಿಸದೆ, ಸುಮ್ಮನೆ ಹೋಯಿತು. ಚೆನ್ನಾಗಿ ಹೊಡೆದಾಗ ಕೈಗೆ ಗೊತ್ತೇ ಆಗುವುದಿಲ್ಲ. ಹೀಗೇ ಮೂರು ಹೋಲ್, ಎಂದರೆ ಚೆಂಡು ಮೂರು ಕುಳಿ ಸೇರುವ ತನಕ, ಆಡಿದರು. ಹೆರಾಲ್ಡ್ ಗ್ಯಾವಿನನ ಸುದ್ದಿ ಎತ್ತಲಿಲ್ಲ.

ನಾಲ್ಕನೇ ಹೋಲ್‌ನಲ್ಲಿ ಎಡಗೈ ಒಂಬತ್ತಕ್ಕೆ ಬಂತು. ಕೃಷ್ಣಪ್ರಸಾದ ಇಳಿಸಲು ಹೊರಟ. ಕೋಲು ಇಳಿಯಲಿಲ್ಲ. ಮೆತ್ತಗೆ, ಒಂದಿಷ್ಟೂ ಒರಟುತನವಿಲ್ಲದೆ, ಅದು ಮೇಲಕ್ಕೂ ಹಿಂದಕ್ಕೂ ಹೋಯಿತು. ಟವೆಲ್ ಬಿತ್ತು. ಚೆಂಡು ಹೋಗಿ ಕಾಡು ಸೇರಿತು. ಹೆರಾಲ್ಡ್ ಕಾಡನ್ನೂ ನೋಡದೆ ಅವನನ್ನೂ ನೋಡದೆ ತನ್ನ ಚೀಲದ ಕೈಗಾಡಿ ತಳ್ಳಿಕೊಂಡು ಮುಂದೆ ಹೋದ.

ಜೋಸೆಫ್ ಮಾತ್ರ ಹುಲ್ಲನ್ನು ನೋಡುತ್ತಿದ್ದ. ಜುಲೈ ನೈರೋಬಿಯಲ್ಲಿ ಚಳಿಗಾಲ. ಒಂಬತ್ತರ ತನಕ ಮೋಡ ಕೆಳಗಿರುತ್ತದೆ, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗಿರುತ್ತದೆ, ನಡೆದವರ ಹೆಜ್ಜೆ ಹಸಿರಾಗಿ ಮೂಡುತ್ತದೆ. ಬಂದವರು ಮೂವರು, ಜೊತೆಗೆ ಹೆರಾಲ್ಡನ ಗಾಡಿಯ ಗಾಲಿ. ಹೆಜ್ಜೆಸಾಲು ನಾಲ್ಕಿದ್ದವು. ನಾಲ್ಕನೆಯದು ಸಣ್ಣ ಸಣ್ಣ ಹೆಜ್ಜೆ, ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿದ್ದು. ಅದು ಕೃಷ್ಣಪ್ರಸಾದನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಬಂದು ಜೋಡಿಯಾಗಿ ನಿಂತಿತ್ತು. ಅಲ್ಲಿಂದ ಮುಂದೆ ಹೋದ ಗುರುತಿರಲಿಲ್ಲ.

"ಮ್ವಾಲಿಮು ಎಡಗಾಲು ಹೀಗೇ ಇಡುತ್ತಿದ್ದರು," ಎಂದ ಜೋಸೆಫ್. ಮೇಷ್ಟ್ರನ್ನು ಅವನು ಸ್ವಾಹಿಲಿಯಲ್ಲಿ ಕರೆಯುತ್ತಿದ್ದುದು ಹಾಗೆ.

ಕೃಷ್ಣಪ್ರಸಾದ ತುಂಬ ಹೊತ್ತು ಆ ಎರಡು ಹಸಿರು ಗುರುತು ನೋಡಿದ. "ನೀವು ಯಾವಾಗಿಂದ ನೋಡ್ತಿದೀರಿ?"

"ಮೇಯಿಂದ."

"ಹೇಳ್ಲಿಲ್ಲ ಯಾಕೆ?"

"ನೀವು ಕೇಳಲಿಲ್ಲ ಬಾಸ್. ಕೇಳದೆ ಆಟಗಾರನಿಗೆ ಏನೂ ಹೇಳಬಾರದು. ಕ್ಯಾಡಿಗಳ ನಿಯಮ."

ಮೇಷ್ಟ್ರು ಬದುಕಿದ್ದಾಗ ಹೇಳಿಕೊಟ್ಟದ್ದು ಒಂದೇ ಪಾಠ. ಸ್ಪ್ರಿಂಗನ್ನು ಹೆಚ್ಚು ಎಳೆದರೆ ಹೆಚ್ಚು ಶಕ್ತಿ. ಆದ್ದರಿಂದ, ಇನ್ನೂ ಸ್ವಲ್ಪ ಹಿಂದೆ. ಕೃಷ್ಣಪ್ರಸಾದ ಕೋಲು ಎತ್ತಿದಾಗಲೆಲ್ಲ ಅವರು ಹಿಂದೆ ನಿಂತು, "ಇನ್ನೂ ಸ್ವಲ್ಪ ಕಣಯ್ಯಾ, ಇನ್ನೂ ಸ್ವಲ್ಪ," ಎನ್ನುತ್ತಿದ್ದರು. ಅವನು ಅರ್ಧ ಕಿವಿಯಲ್ಲಿ ಕೇಳಿ ತನಗೆ ತೋಚಿದಷ್ಟೇ ಎತ್ತುತ್ತಿದ್ದ. ಬದುಕಿದ್ದವರ ಸಲಹೆಯನ್ನು ಹಾಗೆ ಮಾಡಬಹುದು.

ಮುಂದಿನ ಶನಿವಾರ ಅವನು ಸ್ವಿಂಗನ್ನು ಇನ್ನೂ ಗಿಡ್ಡ ಮಾಡಿದ. ಎಂಟು ಗಂಟೆಗೇ ನಿಲ್ಲಿಸಿದ. ಎರಡು ಮಾರು ಹಿಂದಿರುವವರ ಕೈಗೆ ಕೋಲಿನ ತುದಿ ಸಿಗಬಾರದು ಎಂಬ ಅಂದಾಜು. ಅಂದಾಜು ಐದು ಹೋಲ್ ತನಕ ಸರಿಯಿತ್ತು. ಆರನೆಯದರಲ್ಲಿ ಹೆಜ್ಜೆಗುರುತು ಒಂದೇ ಮಾರು ದೂರದಲ್ಲಿತ್ತು. ಅದರ ಮುಂದಿನ ಶನಿವಾರ ಏಳಕ್ಕೆ ನಿಲ್ಲಿಸುವುದೆಂದು ನಿಶ್ಚಯಿಸಿ, ಮೊದಲನೇ ಚೆಂಡಿನ ಮುಂದೆ ನಿಂತು, ಕೋಲನ್ನು ಒಂದು ಅಡಿ ಎತ್ತಿದ. ಲವಂಗದ ವಾಸನೆ ಬಂತು. ಮೇಷ್ಟ್ರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ತಣ್ಣಗಿನ ನಾಲ್ಕು ಬೆರಳು ಅವನ ಬಲ ಮಣಿಕಟ್ಟನ್ನು ಹಿಡಿದವು. ಪಾಠ ಹೇಳುವವರ ಹಿಡಿತ, ನೋಯುವುದಿಲ್ಲ, ಬಿಡಿಸಿಕೊಳ್ಳಲೂ ಆಗುವುದಿಲ್ಲ.

"ಇನ್ನೂ ಸ್ವಲ್ಪ ಕಣಯ್ಯಾ," ಎಂದಿತು ಕಿವಿಯ ಹತ್ತಿರ.

ಆ ಹೊಡೆತದ ಬಗ್ಗೆ ಕ್ಲಬ್ಬಿನಲ್ಲಿ ಇಂದಿಗೂ ಮಾತಾಡುತ್ತಾರೆ. ಚೆಂಡು ಹಿಂದಕ್ಕೆ ಹೋಯಿತು. ಕ್ಲಬ್ಬಿನ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಿತ್ತು. ಅಡುಗೆಯವನು ಅದನ್ನು ತೊಳೆದು, ತಟ್ಟೆಯಲ್ಲಿಟ್ಟು, ಯಾರದೆಂದು ಕೇಳುತ್ತ ಹೊರಗೆ ಬಂದ. ಜೋಸೆಫ್ ಬಗ್ಗಿ ನೋಡಿದ. ನಾಲ್ಕನೆಯವರ ಬೂಟಿನ ಮೂತಿಯ ಗುರುತು ಕೃಷ್ಣಪ್ರಸಾದನ ಹಿಮ್ಮಡಿಗೆ ತಾಗಿಕೊಂಡಿತ್ತು.

ಹೆರಾಲ್ಡ್ ನಗಲಿಲ್ಲ, ಅದೇ ಕೆಟ್ಟ ಲಕ್ಷಣ. "ಪ್ರಸಾದ, ಕೇಳು," ಎಂದ ತಗ್ಗಿದ ದನಿಯಲ್ಲಿ. "ಬರುವ ಶನಿವಾರ ಕಪ್. ಗ್ಯಾವಿನನಿಗೆ ಶೂ ಹಾಕಿಕೊಂಡು ಬರ್ಲಿಕ್ಕೆ ಹೇಳಿದ್ದೇನೆ. ಬೆಳಿಗ್ಗೆ ಅಭ್ಯಾಸದ ಜಾಗದಲ್ಲಿ ನೀನು ನನ್ನೆದುರು ಒಂದು ಚೆಂಡು ಹೊಡಿ. ಒಂದೇ. ಸರಿ ಹೋದ್ರೆ ನೀನು. ಇಲ್ಲದಿದ್ರೆ ಬೇಜಾರು ಮಾಡ್ಬೇಡ."

ಗುರುವಾರ ಸಂಜೆ ಕೃಷ್ಣಪ್ರಸಾದ ಪಾರ್ಕ್‌ಲ್ಯಾಂಡ್ಸ್‌ಗೆ ಹೋದ. ದೇವಸ್ಥಾನದ ಹಿಂದಿನ ರಸ್ತೆಯಲ್ಲಿ, ಎರಡನೇ ಮಹಡಿಯಲ್ಲಿ ಮೇಷ್ಟ್ರ ಫ್ಲಾಟ್. ಹೆಂಡತಿ ಸುಶೀಲಮ್ಮ ಬಾಗಿಲು ತೆಗೆದು, ಕೂರಿಸಿ, ಕಾಫಿ ತಂದರು. ಅವನು ವಿಷಯವನ್ನು ಎಲ್ಲಿಂದ ಹಿಡಿಯುವುದೆಂದು ತಿಳಿಯದೆ ಮಳೆ, ಕರೆಂಟು, ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನು, ಎಲ್ಲ ಮಾತಾಡಿದ. ಕಡೆಗೆ, "ಮೇಷ್ಟ್ರು ತುಂಬ ನೆನಪಾಗ್ತಾರೆ ಅಮ್ಮಾ. ಅದರಲ್ಲೂ ಶನಿವಾರ," ಎಂದ.

"ನೆನಪಾಗೋದೇನು, ಅಲ್ಲೇ ಇರ್ತಾರಲ್ಲ," ಎಂದರು ಸುಶೀಲಮ್ಮ.

ಕೃಷ್ಣಪ್ರಸಾದ ಲೋಟ ಕೆಳಗಿಟ್ಟ.

"ಶನಿವಾರ ಬೆಳಿಗ್ಗೆ ಐದೂವರೆಗೆ ಚಿಲಕ ತೆಗೆದ ಸದ್ದಾಗುತ್ತೆ. ಎದ್ದು ನೋಡಿದ್ರೆ ರ್‍ಯಾಕಲ್ಲಿ ಕಂದು ಬೂಟು ಇರಲ್ಲ. ಮಧ್ಯಾಹ್ನ ನೋಡಿದ್ರೆ ಇರುತ್ತೆ. ಒದ್ದೆ. ಹುಲ್ಲು ಬೇರೆ ಅಂಟಿರುತ್ತೆ. ನಾನು ಒರೆಸಿಡ್ತೀನಿ."

"ನಿಮಗೆ ಹೆದರಿಕೆ ಆಗಲ್ವಾ?"

"ನಲವತ್ತಾರು ವರ್ಷ ಒರೆಸಿದೀನಲ್ಲಪ್ಪಾ. ಸತ್ತ ಮೇಲೂ ಶನಿವಾರ ಮನೇಲಿರಲ್ಲ ಅಂದ್ರೆ ಏನು ಹೇಳೋದು. ಅದೂ ಅಲ್ಲದೆ ಕರೆದೋನು ನೀನು."

"ನಾನಾ?"

"ಮತ್ತಿನ್ಯಾರು? ಕಾರಿಯೋಕಾರ್‌ನಲ್ಲಿ, ಚಟ್ಟದ ಹತ್ರ ಬಗ್ಗಿ ಏನಂದೆ ನೀನು? ನಾನು ಪಕ್ಕದಲ್ಲೇ ನಿಂತಿದ್ದೆ."

ಅವನಿಗೆ ಆಗ ನೆನಪಾಯಿತು. ಕಾರಿಯೋಕಾರ್‌ನ ಹಿಂದೂ ಸ್ಮಶಾನದಲ್ಲಿ ಎಲ್ಲರೂ ಸಾಲಾಗಿ ಹೂ ಹಾಕಿ ಸರಿಯುತ್ತಿದ್ದರು. ಸಾವಿನ ಜಾಗದಿಂದ ಹೊರಡುವಾಗ ಬಾಯಿ ಬಿಡಬಾರದು, ಹೋಗಿ ಬರುತ್ತೇನೆ ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹತ್ತೊಂಬತ್ತು ವರ್ಷ ಪ್ರತಿವಾರ ಆಟ ಮುಗಿಸಿ ಕಾರಿನ ಬಾಗಿಲು ಹಿಡಿದು ಅದೇ ಮುಖಕ್ಕೆ ಅದೇ ಮಾತು ಹೇಳಿದ ನಾಲಿಗೆ. ಹೂ ಹಾಕಿ, ಮುಖ ನೋಡಿ, "ಬರ್ತೀನಿ ಸರ್. ಶನಿವಾರ ಸಿಗೋಣ," ಎಂದಿದ್ದ. ಪುರೋಹಿತರು ಕತ್ತೆತ್ತಿ ನೋಡಿದ್ದೂ ಈಗ ನೆನಪಾಯಿತು.

"ಒಂದ್ಸಲ ಒಪ್ಪಿಕೊಂಡ್ರೆ ತಪ್ಪಿಸೋರಲ್ಲ ಅವರು," ಎಂದರು ಸುಶೀಲಮ್ಮ. "ಡೆಂಗಿ ಬಂದಾಗಲೂ ಕ್ಲಾಸಿಗೆ ಹೋಗಿದ್ರು."

"ಈಗ ನಾನೇನ್ ಮಾಡ್ಲಿ ಅಮ್ಮಾ? ಹೆರಾಲ್ಡ್ ಬೇರೆಯವರನ್ನ ಸೇರಿಸಿಕೊಳ್ತಿದಾನೆ. ನನಗೆ ಉಳಿದಿರೋದು ಅದೊಂದೇ ದಿನ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಕೆಳಗೆ ಒಂದು ಮಟಾಟು ಯಾರನ್ನೋ ಕೂಗಿ ಕೂಗಿ ಹತ್ತಿಸಿಕೊಂಡು ಹೋಯಿತು. "ಹೋಗಿ ಅನ್ನು," ಎಂದರು. "ಬರೀ ಹೋಗಿ. ಅಷ್ಟೇ. ಬನ್ನಿ ಅಂತ ಸೇರಿಸ್ಬೇಡ."

"ಹಾಗೆ ಹೇಗಮ್ಮಾ ಹೇಳೋದು. ಮೇಷ್ಟ್ರಿಗೆ."

"ಹೇಳಲ್ಲ ಅಂತಾನೇ ಅವರು ಇನ್ನೂ ಓಡಾಡ್ಕೊಂಡಿರೋದು. ಎಲ್ಲಿ, ಒಂದ್ಸಲ ಹೇಳು ನೋಡೋಣ."

"ಹೋಗಿ," ಎಂದ ಕೃಷ್ಣಪ್ರಸಾದ. ಉಳಿದದ್ದು ತಾನಾಗಿಯೇ ಬಂತು, "ಬನ್ನಿ."

"ನೋಡ್ದಾ."

ಇನ್ನೂ ನಾಲ್ಕು ಸಲ ಹೇಳಿಸಿದರು. ನಾಲ್ಕು ಸಲವೂ ಬನ್ನಿ ಹಿಂದಿನಿಂದ ಬಂದು ಕೂತುಕೊಂಡಿತು. ಕೊನೆಗೆ ಸುಶೀಲಮ್ಮ, "ಎರಡು ದಿನ ಇದೆ, ಕಲ್ತ್ಕೋ," ಎಂದು ಲೋಟ ಎತ್ತಿಕೊಂಡರು. ಬಾಗಿಲವರೆಗೆ ಬಂದು, ಒರೆಸಿಟ್ಟ ಕಂದು ಬೂಟು ಕಾಯುತ್ತಿದ್ದ ಆ ರ್‍ಯಾಕಿನ ಕಡೆ ತಿರುಗದೆ, "ನಿಂಗೋಸ್ಕರ ಮಾತ್ರ ಅಂದ್ಕೋಬೇಡ. ಮಂಡಿ ನೋವು ನನಗೆ, ಬಗ್ಗಿ ಒರೆಸೋಕೆ ಆಗಲ್ಲ," ಎಂದರು. ಅವರ ಮಂಡಿ ನೋಡಿದರೆ ಹಾಗೇನೂ ಕಾಣುತ್ತಿರಲಿಲ್ಲ.

ಶುಕ್ರವಾರ ಇಡೀ ದಿನ ಕೃಷ್ಣಪ್ರಸಾದ ಅಭ್ಯಾಸ ಮಾಡಿದ. ಪಂಗಾನಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಗಾಜು ಇಳಿಸಿ, ಪಕ್ಕದ ಮಟಾಟುವಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನಿಗೆ, "ಹೋಗಿ," ಎಂದ. ಕಂಡಕ್ಟರ್ "ಸವಾ" ಎಂದು ಹೆಬ್ಬೆರಳು ತೋರಿಸಿದ. ಆಫೀಸಿನ ಲಿಫ್ಟಿಗೆ ಹೇಳಿದ. ಕಾಫಿ ಮೆಷಿನ್ನಿಗೆ ಹೇಳಿದ. ಕಂಡಕ್ಟರಿಗೆ, ಲಿಫ್ಟಿಗೆ, ಮೆಷಿನ್ನಿಗೆ ಹೇಳುವುದು ಕಷ್ಟವಿರಲಿಲ್ಲ. ಸಂಜೆ ಕನ್ನಡಿಯ ಮುಂದೆ ನಿಂತು ಮೇಷ್ಟ್ರ ಮುಖ ನೆನೆಸಿಕೊಂಡು ಹೇಳಿದ. ಬನ್ನಿ ಬಂತು.

ಶನಿವಾರ ಆರೂವರೆಗೆ ಅಭ್ಯಾಸದ ಜಾಗದಲ್ಲಿ ಮೋಡ ಮರಗಳ ಕುತ್ತಿಗೆಯ ತನಕ ಇಳಿದಿತ್ತು. ಮೇಲಿನ ಕೊಂಬೆಗಳಲ್ಲಿ ನಾಲ್ಕೈದು ಮರಾಬು ಕೊಕ್ಕರೆಗಳು, ಬೋಳು ತಲೆ ಒಳಗೆಳೆದುಕೊಂಡು, ಮಸಣದ ಕೆಲಸಕ್ಕೆ ಬಂದವರ ಹಾಗೆ ಕೂತಿದ್ದವು. ಗ್ಯಾವಿನ್ ಹೊಸ ಬಿಳಿ ಶೂ ಹಾಕಿಕೊಂಡು ಸಭ್ಯವಾಗಿ ದೂರ ನಿಂತಿದ್ದ. ಹೆರಾಲ್ಡ್ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, "ಹೊಡಿ," ಎಂದ. ಜೋಸೆಫ್ ಚೆಂಡು ಇಟ್ಟು, ಕಂಕುಳಿಗೆ ಟವೆಲ್ ಸಿಕ್ಕಿಸಿ, ಹಿಂದೆ ಸರಿದ. ಎಂದಿಗಿಂತ ಹೆಚ್ಚು ಹಿಂದೆ ಸರಿದ. ಅಲ್ಲಿ ಇನ್ನೊಬ್ಬರಿಗೆ ಜಾಗ ಬೇಕಿತ್ತು.

ಲವಂಗದ ವಾಸನೆ ಬಂತು. ಕೃಷ್ಣಪ್ರಸಾದ ಕೋಲನ್ನು ಎತ್ತಿದ. ಒಂಬತ್ತಕ್ಕೆ ಬಂತು. ಬೆರಳುಗಳು ಮಣಿಕಟ್ಟು ಹಿಡಿದವು. ಹತ್ತು, ಹನ್ನೊಂದು. ಟವೆಲ್ ಬಿತ್ತು. ಹನ್ನೆರಡು. ಅವನ ಎಡ ಹಿಮ್ಮಡಿ ನೆಲ ಬಿಟ್ಟಿತು. ಕೋಲು ಬೆನ್ನ ಹಿಂದೆ ಇಳಿಯಿತು, ಇನ್ನೂ ಇಳಿಯಿತು, ಬೆನ್ನುಮೂಳೆ ಹಳೇ ಬಾಗಿಲಿನಂತೆ ಸದ್ದು ಮಾಡಿತು. ಐವತ್ತಾರು ವರ್ಷದ ವಿಮಾ ಲೆಕ್ಕಿಗನೊಬ್ಬ ಅಷ್ಟು ಹಿಂದಕ್ಕೆ ಬಾಗಿದ್ದನ್ನು ಗ್ಯಾವಿನ್ ಆಮೇಲೆ ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ತಲೆ ಪೂರ್ತಿ ತಿರುಗಿ, ಒಂಬತ್ತು ವಾರದಲ್ಲಿ ಮೊದಲ ಸಲ ಕೃಷ್ಣಪ್ರಸಾದನಿಗೆ ಹಿಂದಿರುವುದು ಕಾಣಿಸಿತು. ತಲೆಕೆಳಗಾಗಿ ಕಾಣಿಸಿತು. ಒದ್ದೆ ಕಂದು ಬೂಟು. ಮೊಣಕಾಲಿನ ತನಕ ಏರಿಸಿದ ಕಾಲುಚೀಲ. ಮೊಣಕೈಯಲ್ಲಿ ತೇಪೆ ಹಾಕಿದ ಸ್ವೆಟರ್. ಅದರ ಮೇಲೆ ಮುಖ. ಬಣ್ಣವಿಲ್ಲದ, ಶಾಂತವಾದ ಮುಖ. ದಡ್ಡ ವಿದ್ಯಾರ್ಥಿಗೆ ಕೊನೆಗೂ ಪಾಠ ಹತ್ತಿತು ಎಂದು ಖುಷಿಪಡುತ್ತಿದ್ದ ಮುಖ.

"ಇನ್ನೂ ಸ್ವಲ್ಪ ಕಣಯ್ಯಾ."

ಹಿಂದೆ ಹೋಗಲು ಇನ್ನು ಜಾಗವಿರಲಿಲ್ಲ. "ಹೋಗಿ," ಎಂದ ಕೃಷ್ಣಪ್ರಸಾದ.

ಬನ್ನಿ ಗಂಟಲಿಗೆ ಬಂತು. ನಾಲಿಗೆಯ ಮೇಲೆ ಬಂತು. ಅವನು ಹಲ್ಲು ಕಚ್ಚಿದ. ಹಲ್ಲಿಗೆ ನಾಲಿಗೆಯೇ ಸಿಕ್ಕಿತು, ಬಾಯಿ ಉಪ್ಪಾಯಿತು.

"ಹೋಗಿ ಸರ್," ಎಂದ ಮತ್ತೆ, ರಕ್ತ ನುಂಗಿಕೊಂಡು. ಅಲ್ಲಿಗೆ ನಿಲ್ಲಿಸಿದ.

ಮೇಷ್ಟ್ರ ಮುಖದಲ್ಲಿ ನೋವು ಕಾಣಲಿಲ್ಲ. ಅದನ್ನು ನಿರೀಕ್ಷಿಸಿ ಅವನು ಕಣ್ಣು ಮುಚ್ಚಿಕೊಳ್ಳಲು ಹೊರಟಿದ್ದ. ಪಾಠದ ನಡುವೆ ಗಂಟೆ ಹೊಡೆದರೆ ಅವರು ಸೀಮೆಸುಣ್ಣ ಕೆಳಗಿಟ್ಟು ಕೈ ನೋಡಿಕೊಳ್ಳುತ್ತಿದ್ದರಂತೆ, ಅಂಥದೇನೋ ಒಂದು ಆಯಿತು. ಬೆರಳುಗಳು ತಕ್ಷಣ ಬಿಡಲಿಲ್ಲ. ಅವನ ಕೈಯನ್ನು ಹಿಡಿದುಕೊಂಡೇ ಮೇಲಕ್ಕೆ ತಂದವು, ಹನ್ನೆರಡು ದಾಟಿಸಿದವು, ಹನ್ನೊಂದು, ಹತ್ತು. ಮಡಚಿದ ಮೊಣಕೈಯನ್ನು ನೆಟ್ಟಗೆ ಮಾಡಿದವು. ಒಂಬತ್ತಕ್ಕೆ ತಂದು ನಿಲ್ಲಿಸಿ, ಇಲ್ಲೇ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ ಒಂದು ಸಲ ಒತ್ತಿ, ಬಿಟ್ಟವು.

ಕೋಲು ಇಳಿಯಿತು. ಕೈಗೆ ಏನೂ ಗೊತ್ತಾಗಲಿಲ್ಲ. ಚೆಂಡು ಮೋಡದೊಳಗೆ ಹೋಗಿ, ಮೋಡದ ಆಚೆ ಎಲ್ಲೋ, ಹೋಗಬೇಕಾದ ಜಾಗದಲ್ಲಿ ಬಿದ್ದ ಸದ್ದಾಯಿತು. ಮರಾಬು ಕೊಕ್ಕರೆಗಳು ಒಟ್ಟಿಗೆ ಎದ್ದು ಕಾಡಿನ ಕಡೆ ಹಾರಿದವು.

ಜೋಸೆಫ್ ಬಂದು ಬಿದ್ದ ಟವೆಲ್ ಎತ್ತಿಕೊಂಡ.

"ಯಾರಿಗೆ ಹೋಗಿ ಅಂದದ್ದು ನೀನು?" ಎಂದ ಹೆರಾಲ್ಡ್.

"ಚೆಂಡಿಗೆ."

"ಸರ್ ಅಂತ ಬೇರೆ ಹೇಳಿದೆ."

"ಮರ್ಯಾದೆ ಕೊಟ್ರೆ ದೂರ ಹೋಗುತ್ತೆ."

ಹೆರಾಲ್ಡ್ ಅದನ್ನು ಯೋಚಿಸಿ ನೋಡಿದ. ಜೇಬಿನಿಂದ ಕೈ ತೆಗೆದ. "ಗ್ಯಾವಿನ್," ಎಂದು ಕೂಗಿ ಕರೆದು, "ಕ್ಯಾಂಟೀನಲ್ಲಿ ನನ್ನ ಲೆಕ್ಕಕ್ಕೆ ಬರೆಸಿ ಆಮ್ಲೆಟ್ ತಿನ್ನು. ನಾವು ಆಡ್ತೇವೆ," ಎಂದ. ನಂತರ ಕೃಷ್ಣಪ್ರಸಾದನ ಕಡೆ ತಿರುಗಿ, "ಬಾಯಿ ಒರೆಸಿಕೋ ಮಾರಾಯ, ರಕ್ತ ಬರ್ತಾ ಉಂಟು," ಎಂದು ಕರವಸ್ತ್ರ ಕೊಟ್ಟ.

ಮೊದಲನೇ ಹೋಲ್‌ನಲ್ಲಿ ಕೃಷ್ಣಪ್ರಸಾದ ಹೊಡೆದ ಚೆಂಡು ನಡುಹುಲ್ಲಿನಲ್ಲಿ ಬಿತ್ತು. ಎರಡನೇ ಹೊಡೆತ ಹೆರಾಲ್ಡನದು. ಹೆರಾಲ್ಡ್ ಅದನ್ನು ನೇರ ತೆಗೆದುಕೊಂಡು ಹೋಗಿ ಕಾಡಿಗೆ ಹಾಕಿದ. ಹುಡುಕಲು ನಿಯಮದಂತೆ ಮೂರು ನಿಮಿಷ ಸಮಯ. ಜೋಸೆಫ್ ಚೀಲ ಇಳಿಸಿ ಹೊರಟಾಗ ಕೃಷ್ಣಪ್ರಸಾದ ಬೇಡವೆಂದು ಕೈ ಮಾಡಿ, ತಾನೇ ಮರಗಳ ನಡುವೆ ನುಗ್ಗಿದ.

ಚೆಂಡು ಹತ್ತು ಸೆಕೆಂಡಿನಲ್ಲೇ ಸಿಕ್ಕಿತು, ಒಂದು ಬೇರಿನ ಪಕ್ಕ, ಬೆಳ್ಳಗೆ. ಒಳಗೆ ಇನ್ನೂ ಕತ್ತಲೆಯಿತ್ತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಚೆಂಡನ್ನು ಮುಟ್ಟದೆ ಅದರ ಹತ್ತಿರ ನಿಂತು, ಲವಂಗದ ವಾಸನೆಗಾಗಿ ಉಸಿರೆಳೆದ. ಮರಗಳ ಆಚೆ ಏನೋ ಸರಿದಂತಾಯಿತು. ಕೋತಿಯಿರಬಹುದು, ಅಲ್ಲಿ ಕೋತಿಗಳು ಬಹಳ.

"ಸಿಕ್ಕಿತಾ?" ಎಂದು ಹೆರಾಲ್ಡ್ ಹೊರಗಿನಿಂದ ಕೂಗಿದ.

"ಹುಡುಕ್ತಾ ಇದೀನಿ," ಎಂದ ಕೃಷ್ಣಪ್ರಸಾದ, ಮರಗಳನ್ನೇ ನೋಡುತ್ತ. ಇನ್ನೂ ಎರಡು ನಿಮಿಷ ನಲವತ್ತು ಸೆಕೆಂಡು ಬಾಕಿಯಿತ್ತು.